ಕಸ ಹೂತ ನೆಲದ ಮೇಲೆ ಆಸ್ಪತ್ರೆ: ಓದುಗರ ಪ್ರಶ್ನೆ, ಎಂಜಿನಿಯರರ ಉತ್ತರ

ಊರು ಬೆಳೆದಂತೆ ಊರಾಚೆಯ ತಿಪ್ಪೆ ಊರೊಳಗೇ ಬಂದುಬಿಡುತ್ತದೆ. ಮೇಲೆ ಮಣ್ಣು ಹೊದಿಸಿ ಹುಲ್ಲು ಬೆಳೆದರೆ ಅದು ಖಾಲಿ ಜಾಗದ ಹಾಗೆ ಕಾಣುತ್ತದೆ. ಆಸ್ಪತ್ರೆಗೋ ಶಾಲೆಗೋ ಮಂಜೂರಾಗುತ್ತದೆ. ಇಂಥ ಜಾಗದಲ್ಲಿ ಆಸ್ಪತ್ರೆ ಕಟ್ಟುವ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲ ಒಟ್ಟಿಗೆ ಉತ್ತರ ಕೊಟ್ಟಿದ್ದೇವೆ.

ಪ್ರಶ್ನೆ: ನಮ್ಮ ಟ್ರಸ್ಟ್‌ಗೆ ಆಸ್ಪತ್ರೆ ಕಟ್ಟಲು ಸಿಕ್ಕಿರುವ 2 ಎಕರೆ ಜಾಗ ಹಿಂದೆ ಪುರಸಭೆಯ ಕಸದ ಗುಂಡಿಯಾಗಿತ್ತು. ಕಸ ಸುರಿಯುವುದು ನಿಂತು 9 ವರ್ಷವಾಗಿದೆ. ಬೋರ್ ಹಾಕಿಸಿದಾಗ ಒಂದು ಮೂಲೆಯಲ್ಲಿ 3 ಮೀಟರ್, ಇನ್ನೊಂದು ಮೂಲೆಯಲ್ಲಿ 8 ಮೀಟರ್ ಕಸ ಸಿಕ್ಕಿತು. ಒಂದೂವರೆ ಮೀಟರ್ ಗ್ರಾವೆಲ್ ಹಾಸಿ, ರೋಲರ್ ಹೊಡೆಸಿ, ರಾಫ್ಟ್ ಪಾಯದ (ಇಡೀ ಕಟ್ಟಡದ ಅಡಿಗೆ ಹಾಸುವ ಒಂದೇ ಚಪ್ಪಡಿ) ಮೇಲೆ ನೆಲಮಹಡಿ ಮತ್ತು ಮೂರು ಮಹಡಿ ಎಬ್ಬಿಸಬಹುದು ಎನ್ನುತ್ತಾರೆ ಕಂಟ್ರಾಕ್ಟರ್. ಒಪ್ಪಬಹುದೇ?

ಉತ್ತರ: ಒಪ್ಪಬೇಡಿ. ಮೊದಲು ಕಾನೂನಿನ ಮಾತು. 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳಲ್ಲಿ ಇದ್ದ ಪ್ರಕಾರ, ಮುಚ್ಚಿದ ಕಸದ ಭರ್ತಿ ಜಾಗವನ್ನು 15 ವರ್ಷ ನಿಗಾದಲ್ಲಿಟ್ಟ ಮೇಲಷ್ಟೇ ಜನವಸತಿಯಂಥ ಬಳಕೆಗೆ ಪರಿಗಣಿಸಬಹುದು. ಆಗಲೂ ಅನಿಲ ಮತ್ತು ಕಸದ ರಸ ಮಾನದಂಡದೊಳಗಿರಬೇಕು, ನೆಲ ಸ್ಥಿರವಾಗಿದೆ ಎಂದು ಖಾತ್ರಿಯಾಗಿರಬೇಕು. ನಿಮ್ಮದು 9 ವರ್ಷ. ಅದೂ ಲೆಕ್ಕವಿಟ್ಟು, ಅಳತೆ ತೆಗೆದು ಕಳೆದ 9 ವರ್ಷವೇ ಎಂದು ಪುರಸಭೆಯ ಕಡತ ನೋಡಿ.

ಇನ್ನು ನೆಲದ ಮಾತು. ಕಸ ಎರಡು ಕಾರಣಕ್ಕೆ ತಗ್ಗುತ್ತದೆ. ಮೇಲೆ ಭಾರ ಬಿದ್ದಾಗ ಒತ್ತಿಕೊಳ್ಳುವುದು ಒಂದು, ಅದು ಕೆಲವು ತಿಂಗಳಲ್ಲಿ ಬಹುಪಾಲು ಮುಗಿಯುತ್ತದೆ. ಭಾರವಿರಲಿ ಬಿಡಲಿ, ಒಳಗೊಳಗೆ ಕೊಳೆತು ಕರಗುವುದು ಇನ್ನೊಂದು, ಅದು ದಶಕಗಟ್ಟಲೆ ನಡೆಯುತ್ತದೆ. ಈ ಎರಡನೆಯದರ ಲೆಕ್ಕ ಸರಳ: ಕಸದ ದಪ್ಪ, ಒಂದು ಗುಣಾಂಕ ಮತ್ತು ಕಾಲದ ಅನುಪಾತದ ಲಾಗರಿದಂ, ಈ ಮೂರನ್ನು ಗುಣಿಸಬೇಕು. ಗುಣಾಂಕ 0.05 ಎಂದು ಹಿಡಿಯಿರಿ. 9ನೇ ವರ್ಷದಿಂದ 39ನೇ ವರ್ಷದವರೆಗೆ 8 ಮೀಟರ್ ಮೂಲೆ ಸುಮಾರು 25 ಸೆಂ.ಮೀ. ಇಳಿಯುತ್ತದೆ, 3 ಮೀಟರ್ ಮೂಲೆ ಸುಮಾರು 10 ಸೆಂ.ಮೀ. ಕಾಂಕ್ರೀಟ್ ಚೌಕಟ್ಟಿನ ಕಟ್ಟಡದ ಬಿಡಿ ಪಾಯಗಳಿಗೆ (ಕಂಬಕ್ಕೊಂದು ಪಾಯ) ಭಾರತೀಯ ಮಾನಕ ಐಎಸ್ 1904 ಒಪ್ಪುವ ಇಳಿತದ ವ್ಯತ್ಯಾಸ ಕಂಬಗಳ ನಡುವಿನ ದೂರದ 0.0015 ಪಾಲು. 6 ಮೀಟರ್ ಅಂತರದ ಕಂಬಗಳಿಗೆ ಅದು ಬರೀ 9 ಮಿ.ಮೀ. ರಾಫ್ಟ್ ಹಾಕಿದರೆ ಬಿರುಕು ಕಡಿಮೆಯಾದೀತು, ಆದರೆ ಇಡೀ ಕಟ್ಟಡ 8 ಮೀಟರ್ ಮೂಲೆಯ ಕಡೆ ವಾಲುತ್ತದೆ. ವಾಲಿದ ಕಟ್ಟಡದಲ್ಲಿ ಲಿಫ್ಟ್ ಹಳಿ ಕಚ್ಚುತ್ತದೆ, ಶೌಚದ ಪೈಪು ಹಿಮ್ಮುಖವಾಗುತ್ತದೆ, ಸ್ಟ್ರೆಚರ್ ತಾನಾಗಿ ಉರುಳುತ್ತದೆ.

ಗ್ರಾವೆಲ್ ಹಾಸಿದರೆ ನೆಲ ಗಟ್ಟಿಯಾಯಿತು ಎನ್ನುವುದು ಬಹಳ ಕಡೆ ಕೇಳುವ ಮಾತು. ಒಂದೂವರೆ ಮೀಟರ್ ಗ್ರಾವೆಲ್ ಚದರ ಮೀಟರಿಗೆ ಸುಮಾರು 2.7 ಟನ್ ತೂಗುತ್ತದೆ. ಆಸ್ಪತ್ರೆಯ ಒಂದು ಮಹಡಿ ಗೋಡೆ, ಮಂಚ, ಜನ ಎಲ್ಲ ಸೇರಿ 1.2ರಿಂದ 1.5 ಟನ್. ಅಂದರೆ ಕಟ್ಟಡಕ್ಕೆ ಕೈಹಾಕುವ ಮೊದಲೇ ಕಸದ ತಲೆಯ ಮೇಲೆ ಎರಡು ಮಹಡಿ ಹೇರಿದಂತಾಯಿತು. ರೋಲರ್ ಬಿಗಿ ಮಾಡುವುದು ಮೇಲಿನ 30–40 ಸೆಂ.ಮೀ. ಮಾತ್ರ. 15 ಟನ್ ಗುಂಡನ್ನು 15 ಮೀಟರ್ ಎತ್ತರದಿಂದ ಬೀಳಿಸಿ ಬಿಗಿಮಾಡುವ ವಿಧಾನವೂ ಇದೆ. ಅದು ಕಸದಲ್ಲಿ 6 ಮೀಟರ್ ಆಳದವರೆಗೆ ಪೊಳ್ಳುಗಳನ್ನು ಮುಚ್ಚೀತು, ಕೊಳೆಯುವುದನ್ನು ತಡೆಯಲಾರದು. ಪಾರ್ಕಿಂಗ್‌ಗೆ, ರಸ್ತೆಗೆ ಅದು ಒಳ್ಳೆಯದೇ. ವಾರ್ಡಿಗೆ, ಶಸ್ತ್ರಚಿಕಿತ್ಸಾ ಕೊಠಡಿಗೆ ಬೇಡ.

ನಿಮಗೆ ಉಳಿಯುವುದು ಎರಡು ದಾರಿ. ಕಟ್ಟಡದ ಅಡಿಯ ಕಸವನ್ನೆಲ್ಲ ತೆಗೆಯುವುದು, ಇಲ್ಲವೇ ಕಸವನ್ನು ದಾಟಿ ಗಟ್ಟಿ ನೆಲಕ್ಕೆ ಪೈಲ್ (ನೆಲದೊಳಗಿನ ಕಾಂಕ್ರೀಟ್ ಕಂಬ) ಇಳಿಸುವುದು. ಸರಾಸರಿ ಐದಾರು ಮೀಟರ್ ಕಸವಿರುವಲ್ಲಿ ತೆಗೆಯುವುದೇ ಮೇಲು ಎನ್ನುವುದು ನಮ್ಮ ಅಭಿಪ್ರಾಯ. ಪೈಲ್ ಹಾಕಿದರೆ ಕಟ್ಟಡ ನಿಲ್ಲುತ್ತದೆ, ಸುತ್ತಲಿನ ನೆಲ ಇಳಿಯುತ್ತಲೇ ಇರುತ್ತದೆ. ಆಮೇಲೆ ಕಟ್ಟಡದ ಆಯುಷ್ಯ ಪೂರ್ತಿ ಆ ಎರಡರ ನಡುವಿನ ಬಿರುಕನ್ನು, ಅನಿಲವನ್ನು, ಮುರಿದ ಪೈಪನ್ನು ನೋಡಿಕೊಳ್ಳಬೇಕು.

ಪ್ರಶ್ನೆ: ಕಸ ತೆಗೆಯುವುದಾದರೆ ಎಷ್ಟು ಬರುತ್ತದೆ? ಜರಡಿ ಹಿಡಿದ ಮಣ್ಣನ್ನೇ ಮತ್ತೆ ತುಂಬಬಹುದೇ?

ಉತ್ತರ: ಒಂದು ಎಕರೆ ಎಂದರೆ 4047 ಚದರ ಮೀಟರ್. 8 ಮೀಟರ್ ಆಳವಿದ್ದರೆ ಸುಮಾರು 32,400 ಘನ ಮೀಟರ್. ಘನ ಮೀಟರಿಗೆ 1.2 ಟನ್ ಎಂದು ಹಿಡಿದರೆ ಹತ್ತಿರ ಹತ್ತಿರ 39,000 ಟನ್. ಎರಡು ಎಕರೆಯನ್ನೂ ತೆಗೆಯಬೇಕಿಲ್ಲ. ಕಟ್ಟಡದ ಅಡಿ ಮತ್ತು ಸುತ್ತ ಇಳಿಜಾರು ಕತ್ತರಿಸಲು ಬೇಕಾದಷ್ಟು ಸಾಕು. ಆದರೆ ಉಳಿದ ಕಸದಿಂದ ಅನಿಲ ಪಕ್ಕಕ್ಕೆ ಹರಿದು ಬರದಂತೆ ನಡುವೆ ತಡೆಗೋಡೆ ಅಥವಾ ಜಲ್ಲಿ ತುಂಬಿದ ಅನಿಲ ಕಾಲುವೆ ಬೇಕೇ ಬೇಕು.

ಅಗೆದ ಕಸವನ್ನು ಸಾಲುಗುಡ್ಡೆ ಹಾಕಿ, ವಾರವಾರ ಮಗುಚಿ, ಒಣಗಿಸಿ ಆಮೇಲೆ ತಿರುಗುವ ಟ್ರಾಮೆಲ್ ಜರಡಿಗೆ ಹಾಕುತ್ತಾರೆ. ಹಸಿ ಕಸ ಜರಡಿಯ ಕಣ್ಣು ಕಟ್ಟುತ್ತದೆ, ಹಾಗಾಗಿ ಮಳೆಗಾಲದಲ್ಲಿ ಕೆಲಸ ಕುಂಟುತ್ತದೆ. ಬರುವುದು ಮೂರು ಬಗೆ: ಪ್ಲಾಸ್ಟಿಕ್, ಬಟ್ಟೆಯಂಥ ಉರಿಯುವ ವಸ್ತು; ಕಲ್ಲು, ಇಟ್ಟಿಗೆ ಚೂರು; ಕಪ್ಪು ಪುಡಿಮಣ್ಣು. ಈ ಪುಡಿಮಣ್ಣು ನೋಡಲು ಒಳ್ಳೆಯ ಗೊಬ್ಬರದ ಮಣ್ಣಿನ ಹಾಗಿರುತ್ತದೆ, ತುಂಬಲು ಪುಕ್ಕಟೆಯೂ ಹೌದು. ಕಟ್ಟಡದ ಅಡಿಗೆ ಅದನ್ನು ಖಂಡಿತ ತುಂಬಬೇಡಿ. ಅದರಲ್ಲಿ ಇನ್ನೂ ಕೊಳೆಯುವ ಅಂಶವಿದೆ, ಭಾರಲೋಹ ಇರಬಹುದು. ಪರೀಕ್ಷೆ ಮಾಡಿಸಿ ತಗ್ಗು ಮುಚ್ಚಲು ಬಳಸಲಿ. ಪಾಯದ ಅಡಿಗೆ ಹೊರಗಿನ ಗ್ರಾವೆಲ್ ಅಥವಾ ಕ್ರಷರ್ ಪುಡಿ ತರಿಸಿ, 20–25 ಸೆಂ.ಮೀ. ಪದರಗಳಲ್ಲಿ ಹಾಸಿ, ಪ್ರತಿ ಪದರದ ಸಾಂದ್ರತೆ ಅಳೆದು ಮುಂದಕ್ಕೆ ಹೋಗಬೇಕು. ಆರೇಳು ಮೀಟರ್ ಹೊಸ ಭರ್ತಿಯ ಮೇಲೂ ಬಿಡಿ ಪಾಯ ಬೇಡ ಎನ್ನುವುದಾದರೆ, ಖಾಲಿಯಾದ ಗುಂಡಿಯಲ್ಲೇ ತಳದಿಂದ ಕಂಬ ಎಬ್ಬಿಸಿ ಕೆಳಮಹಡಿ ಮಾಡಿಕೊಳ್ಳಿ. ಔಷಧ ದಾಸ್ತಾನಿಗೆ, ಲಾಂಡ್ರಿಗೆ ಜಾಗವಾಯಿತು. ಆದರೆ ಸುತ್ತಲೂ ಕಸ ಒಂದಿಷ್ಟೂ ಉಳಿದಿಲ್ಲ ಎಂಬ ಖಾತ್ರಿ ಇದ್ದರೆ ಮಾತ್ರ.

ಪ್ರಶ್ನೆ: ಮಣ್ಣು ಪರೀಕ್ಷೆಯ ವರದಿಯಲ್ಲಿ 4 ಮೀಟರ್ ಆಳದಲ್ಲಿ ಎಸ್‌ಪಿಟಿ ಎಣಿಕೆ (ಕೊಳವೆಯನ್ನು ನೆಲಕ್ಕಿಳಿಸಲು ಬೇಕಾದ ಸುತ್ತಿಗೆ ಏಟುಗಳ ಲೆಕ್ಕ) 50 ದಾಟಿದೆ ಎಂದಿದೆ. ಇಷ್ಟು ಗಟ್ಟಿ ಇದ್ದ ಮೇಲೆ ಪೈಲ್ ಯಾಕೆ?

ಉತ್ತರ: ಆ ಎಣಿಕೆ ಯಾವುದಕ್ಕೆ ತಾಗಿ ಬಂದದ್ದು ಎಂದು ಕೇಳಿ. ಕಸದೊಳಗೆ ಟೈರು, ಕಾಂಕ್ರೀಟ್ ತುಂಡು, ಮುರಿದ ಸ್ಲ್ಯಾಬ್ ಸಿಕ್ಕರೆ ಕೊಳವೆ ಅಲ್ಲೇ ಪುಟಿಯುತ್ತದೆ, ಎಣಿಕೆ ಆಕಾಶಕ್ಕೇರುತ್ತದೆ. ಅದರಿಂದ ಅರ್ಧ ಮೀಟರ್ ಕೆಳಗೆ ಎಣಿಕೆ 2 ಇರಬಹುದು. ಕಸದಲ್ಲಿ ಎಸ್‌ಪಿಟಿಯನ್ನು ಬಲದ ಅಳತೆಯಾಗಿ ನಂಬಬಾರದು.

ಜೆಸಿಬಿಯಿಂದ 4–5 ಮೀಟರ್ ಗುಂಡಿಗಳನ್ನು ತೋಡಿಸಿ, ಕಣ್ಣಾರೆ ನೋಡಿ. ದಿನಪತ್ರಿಕೆಯ ಚೂರು ಸಿಕ್ಕರೆ ತಾರೀಖು ಓದಿಕೊಳ್ಳಿ, ಕಸದ ವಯಸ್ಸಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿಯಿಲ್ಲ. ಕಾಗದ ಇನ್ನೂ ಓದುವಂತಿದ್ದರೆ ಅಲ್ಲಿ ಕೊಳೆಯುವಿಕೆ ಬಾಕಿ ಇದೆ ಎಂದೇ ಅರ್ಥ. ಬೋರ್‌ಗಳು ಕಸ ದಾಟಿ, ಕೆಳಗಿನ ಗಟ್ಟಿಬಂಡೆಯೊಳಗೆ ಕನಿಷ್ಠ 3 ಮೀಟರ್ ಹೋಗಬೇಕು. ಕಡಿಮೆಯಾದರೆ ಬಂಡೆಗೂ ಬಿಡಿಯಾಗಿ ಬಿದ್ದ ಗುಂಡುಕಲ್ಲಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಕಸ ದಾಟುವಾಗ ಹೊರ ಕೇಸಿಂಗ್ (ಕೊಳವೆ) ಇಳಿಸಿ, ತಳದಲ್ಲಿ ಉಬ್ಬುವ ಜೇಡಿಯಾದ ಬೆಂಟೊನೈಟ್-ಸಿಮೆಂಟ್‌ನಿಂದ ಮುಚ್ಚಿ, ಒಳಗಿಂದ ಸಣ್ಣ ಕೇಸಿಂಗ್‌ನಲ್ಲಿ ಮುಂದುವರಿಯಬೇಕು. ಇಲ್ಲದಿದ್ದರೆ ನಿಮ್ಮ ಬೋರೇ ಕಸದ ರಸಕ್ಕೆ ಅಂತರ್ಜಲದ ದಾರಿಯಾಗುತ್ತದೆ, ಆ ನೀರನ್ನು ಸುತ್ತಲಿನ ಬಡಾವಣೆಯವರು ಕುಡಿಯುತ್ತಾರೆ.

ನೀರಿನ ಮಾದರಿಯಲ್ಲಿ ಪಿಎಚ್, ಸಲ್ಫೇಟ್, ಕ್ಲೋರೈಡ್, ಅಮೋನಿಯ ಅಳೆಸಿ. ಸಲ್ಫೇಟ್ ಲೀಟರಿಗೆ 0.3 ಗ್ರಾಂ ದಾಟಿದರೆ ಕಾಂಕ್ರೀಟ್ ಮಾನಕ ಐಎಸ್ 456 ಹೇಳುವ ಸಲ್ಫೇಟ್ ತೀವ್ರತೆಯ ಎರಡನೇ ವರ್ಗ, 1.2 ದಾಟಿದರೆ ಮೂರನೆಯದು, 2.5 ದಾಟಿದರೆ ನಾಲ್ಕು, 5 ದಾಟಿದರೆ ಐದು. ಸಲ್ಫೇಟ್ ಜತೆ ಕ್ಲೋರೈಡೂ ಹೆಚ್ಚಿದ್ದರೆ ಸಲ್ಫೇಟ್ ನಿರೋಧಕ ಸಿಮೆಂಟ್ ಬೇಡ, ಅದು ಕಬ್ಬಿಣವನ್ನು ಕ್ಲೋರೈಡ್‌ನಿಂದ ಕಾಯುವುದರಲ್ಲಿ ದುರ್ಬಲ. ಅರ್ಧದಷ್ಟು ಸ್ಲ್ಯಾಗ್ (ಉಕ್ಕಿನ ಕಾರ್ಖಾನೆಯ ಕಿಟ್ಟ) ಬೆರೆಸಿದ ಸಿಮೆಂಟ್ ಎರಡಕ್ಕೂ ನಿಲ್ಲುತ್ತದೆ.

ಪ್ರಶ್ನೆ: 800 ಮಿ.ಮೀ. ವ್ಯಾಸದ ಪೈಲ್‌ಗೆ 250 ಟನ್ ಸುರಕ್ಷಿತ ಭಾರ ಎಂದು ವಿನ್ಯಾಸಕಾರರು ಬರೆದಿದ್ದಾರೆ. ಲೋಡ್ ಟೆಸ್ಟ್‌ನಲ್ಲೂ ಪಾಸಾಯಿತು. ಇನ್ನೇನು ನೋಡಬೇಕು?

ಉತ್ತರ: ಮುಖ್ಯವಾದದ್ದೇ ಉಳಿದಿದೆ. ಸಾಮಾನ್ಯ ನೆಲದಲ್ಲಿ ಮಣ್ಣು ಪೈಲನ್ನು ಹಿಡಿದು ಮೇಲಕ್ಕೆ ಆತುಕೊಳ್ಳುತ್ತದೆ. ಕಸದಲ್ಲಿ ಉಲ್ಟಾ. ಪೈಲ್ ಬಂಡೆಯ ಮೇಲೆ ನಿಂತಿರುತ್ತದೆ, ಕಸ ಇಳಿಯುತ್ತಿರುತ್ತದೆ, ಇಳಿಯುವಾಗ ಪೈಲನ್ನು ತಬ್ಬಿ ಕೆಳಕ್ಕೆ ಜಗ್ಗುತ್ತದೆ. ಇದನ್ನು ನೆಗೆಟಿವ್ ಫ್ರಿಕ್ಷನ್ ಎನ್ನುತ್ತಾರೆ. ಲೆಕ್ಕ ನೋಡಿ: ಕಸ 8 ಮೀಟರ್, ಮೇಲೆ ಒಂದೂವರೆ ಮೀಟರ್ ಗ್ರಾವೆಲ್. ಕಸದ ಮಧ್ಯದಲ್ಲಿ ಒತ್ತಡ ಗ್ರಾವೆಲ್‌ನ 2.7 ಮತ್ತು ಕಸದ 4.8 ಸೇರಿ ಚದರ ಮೀಟರಿಗೆ 7.5 ಟನ್. ಅದರ ಕಾಲುಭಾಗ, ಅಂದರೆ ಸುಮಾರು 1.9 ಟನ್, ಪೈಲ್‌ನ ಮೈಗೆ ಉಜ್ಜುತ್ತದೆ. ಪೈಲ್‌ನ ಸುತ್ತಳತೆ 2.51 ಮೀಟರ್, ಆಳ 8 ಮೀಟರ್, ಮೈ 20 ಚದರ ಮೀಟರ್. ಗ್ರಾವೆಲ್ ಪದರದ ಪಾಲೂ ಸೇರಿದರೆ ಒಟ್ಟು 39 ಟನ್ ಆಸುಪಾಸು. ಪೈಲ್ ಹೊರಬಲ್ಲ ಕಟ್ಟಡದ ಭಾರ 250ರಿಂದ 211ಕ್ಕೆ ಇಳಿಯಿತು. ಗ್ರಾವೆಲ್ ಹಾಸದೇ ಇದ್ದಿದ್ದರೆ ಎಳೆತ 24 ಟನ್ ಮಾತ್ರ ಇರುತ್ತಿತ್ತು.

ಲೋಡ್ ಟೆಸ್ಟ್ ಈ ವಿಷಯದಲ್ಲಿ ದಾರಿ ತಪ್ಪಿಸುತ್ತದೆ. ಪರೀಕ್ಷೆ ನಡೆಯುವುದು ಒಂದೆರಡು ದಿನ. ಆ ಹೊತ್ತಿನಲ್ಲಿ ಜ್ಯಾಕ್ ಪೈಲನ್ನು ಒತ್ತುತ್ತದೆ, ಕಸ ಅದನ್ನು ಮೇಲಕ್ಕೇ ಆತುಕೊಳ್ಳುತ್ತದೆ. ಮುಂದೆ ಶತ್ರುವಾಗುವುದು ಪರೀಕ್ಷೆಯ ದಿನ ಮಿತ್ರನಾಗಿ ನಿಲ್ಲುತ್ತದೆ. ಆದ್ದರಿಂದ ಪರೀಕ್ಷಾ ಪೈಲ್‌ಗೆ ಕಸದ ಆಳದಷ್ಟೂ ಹೊರಗೊಂದು ದೊಡ್ಡ ಕೊಳವೆ ಇಳಿಸಿ, ನಡುವೆ ಖಾಲಿ ಬಿಟ್ಟು ಪರೀಕ್ಷಿಸಬೇಕು. ಆಗ ಬರುವ ಅಂಕಿ ಬಂಡೆಯದು. ಐಎಸ್ 2911ರ ಪ್ರಕಾರ ಆರಂಭಿಕ ಪರೀಕ್ಷೆ ವಿನ್ಯಾಸ ಭಾರದ ಎರಡೂವರೆ ಪಟ್ಟು, ವಾಡಿಕೆಯ ಪರೀಕ್ಷೆ ಒಂದೂವರೆ ಪಟ್ಟು. ವಾಡಿಕೆಯ ಪರೀಕ್ಷೆ ಒಟ್ಟು ಪೈಲ್‌ಗಳ ಶೇ 0.5ಕ್ಕಿಂತ ಕಡಿಮೆ ಇರಬಾರದು. ಇಂಥ ಜಾಗದಲ್ಲಿ ಶೇ 2ರವರೆಗೆ ಹೋಗುವುದು ಒಳ್ಳೆಯದು.

ಪೈಲ್ ಸುರಿಯುವಾಗ ಏನು ತಪ್ಪುತ್ತದೆ ಎಂಬುದನ್ನೂ ತಿಳಿದಿರಿ. ಬಾವಿ ಕುಸಿಯದಂತೆ ತುಂಬುವ ಬೆಂಟೊನೈಟ್ ದ್ರವ ಕಸದ ಪೊಳ್ಳಿನಲ್ಲಿ ಒಮ್ಮೆಲೇ ಇಳಿದುಹೋಗುತ್ತದೆ, ಬಾವಿ ಕುಸಿಯುತ್ತದೆ. ಹಾಗಾಗಿ ಕಸದ ಆಳಕ್ಕೆ 6 ಮಿ.ಮೀ. ದಪ್ಪದ ಶಾಶ್ವತ ಉಕ್ಕಿನ ಕೊಳವೆ ಇರಲಿ. ಅದರ ಹೊರಮೈಗೆ ಬಿಟುಮೆನ್ ಬಳಿದರೆ ಎಳೆತವೂ ಕಡಿಮೆಯಾಗುತ್ತದೆ. 800 ಮಿ.ಮೀ. ಪೈಲ್‌ಗೆ ಮೀಟರಿಗೆ 0.5 ಘನ ಮೀಟರ್ ಕಾಂಕ್ರೀಟ್ ಬೇಕು. 12 ಮೀಟರಿಗೆ 6. ಕೊಳವೆ ಇಲ್ಲದೆ ಸುರಿದು 9 ಘನ ಮೀಟರ್ ಹೋಯಿತು ಎಂದರೆ ಕಸದೊಳಗೆ ಉಬ್ಬು ಬಂದಿದೆ, ಆ ಉಬ್ಬಿನ ಮೇಲೆ ಕಸ ಕುಳಿತು ಇನ್ನಷ್ಟು ಜಗ್ಗುತ್ತದೆ. 5 ಮಾತ್ರ ಹೋಯಿತು ಎಂದರೆ ಎಲ್ಲೋ ಕುತ್ತಿಗೆ ಸಣ್ಣಗಾಗಿದೆ, ಆ ಪೈಲನ್ನು ತಿರಸ್ಕರಿಸಿ. ಪ್ರತಿ ಮಿಕ್ಸರ್ ಲಾರಿ ಸುರಿದ ಮೇಲೆ ಕಾಂಕ್ರೀಟ್ ಎಷ್ಟು ಏರಿತು ಎಂದು ದಾರದ ಗುಂಡಿನಿಂದ ಅಳೆದು ಬರೆದಿಡಿ. ಕಾಂಕ್ರೀಟ್ ಇಳಿಸುವ ಟ್ರೆಮಿ ಪೈಪಿನ ತುದಿ ಸದಾ 2 ಮೀಟರ್ ಕಾಂಕ್ರೀಟಿನೊಳಗೆ ಮುಳುಗಿರಲಿ. ಸಿಮೆಂಟ್ ಘನ ಮೀಟರಿಗೆ 400 ಕೆ.ಜಿ., ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಎಂಬ ಅಳತೆ) 150–180 ಮಿ.ಮೀ., ಕಬ್ಬಿಣದ ಮೇಲೆ ಕವರ್ 75 ಮಿ.ಮೀ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಪೈಲ್ ಬಾವಿಯ ತಳ ಶುಚಿಮಾಡಲು ಯಾರನ್ನೂ ಇಳಿಸಬೇಡಿ, ಹಗ್ಗ ಕಟ್ಟಿಯೂ ಬೇಡ. ಒಳಗೆ ಆಮ್ಲಜನಕ ಇರುವುದಿಲ್ಲ, ಹೈಡ್ರೋಜನ್ ಸಲ್ಫೈಡ್ ಇರಬಹುದು. ಕಬ್ಬಿಣದ ಪಂಜರದ ಎರಡು ತುಂಡುಗಳನ್ನು ಬಾವಿಯ ಬಾಯಿಯ ಮೇಲೆ ನಿಲ್ಲಿಸಿ ವೆಲ್ಡ್ ಮಾಡುವ ಅಭ್ಯಾಸ ನಮ್ಮಲ್ಲಿ ಎಲ್ಲೆಡೆ ಇದೆ. ಬಾವಿಯಿಂದ ಮೀಥೇನ್ ಏಳುತ್ತಿದ್ದರೆ ಆ ಕಿಡಿಯೇ ಸಾಕು. ಪಂಜರವನ್ನು ದೂರದಲ್ಲೇ ಪೂರ್ತಿ ಕಟ್ಟಿ ತನ್ನಿ, ಇಲ್ಲವೇ ತಂತಿ ಕಟ್ಟಿನ ಲ್ಯಾಪ್ (ರಾಡಿನ ಪಕ್ಕ ರಾಡು ಇಟ್ಟು ಜೋಡಿಸುವುದು) ಅಥವಾ ರಾಡು ಜೋಡಿಸುವ ಕಪ್ಲರ್ ಬಳಸಿ.

ಪ್ರಶ್ನೆ: ನಮ್ಮದು ಬೆಂಗಳೂರಿನ ಹೊರವಲಯದ ಕಸ ತುಂಬಿದ ಹಳೆಯ ಕಲ್ಲು ಕ್ವಾರಿ. ಕಟ್ಟಡದ ಅರ್ಧ ಕ್ವಾರಿಯ ಅಂಚಿನ ಬಂಡೆಯ ಮೇಲೆ, ಇನ್ನರ್ಧ ಕಸದ ಮೇಲೆ ಬರುತ್ತದೆ.

ಉತ್ತರ: ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಯಂಥ ಕಡೆ ಕೈಬಿಟ್ಟ ಕ್ವಾರಿಗಳಿಗೇ ನಗರದ ಕಸ ಹೋಗಿದೆ. ಆದ್ದರಿಂದ ಮುಂದಿನ ದಿನಗಳಲ್ಲಿ ಈ ಪ್ರಶ್ನೆ ಬಹಳ ಜನಕ್ಕೆ ಎದುರಾಗುತ್ತದೆ. ಕ್ವಾರಿಯ ಗೋಡೆ ಬಹುತೇಕ ನೆಟ್ಟಗಿರುತ್ತದೆ. 6 ಮೀಟರ್ ಅಂತರದ ಎರಡು ಕಂಬಗಳಲ್ಲಿ ಒಂದರ ಪೈಲ್ 3 ಮೀಟರ್, ಪಕ್ಕದ್ದು 12 ಮೀಟರ್ ಆಗಬಹುದು. ನೇರ ಭಾರಕ್ಕೆ ಇದರಿಂದ ತೊಂದರೆಯಿಲ್ಲ, ಎರಡೂ ಬಂಡೆಯ ಮೇಲೇ ನಿಂತಿವೆ. ತೊಂದರೆ ಭೂಕಂಪದ ಅಡ್ಡ ತಳ್ಳುವಿಕೆಯಲ್ಲಿ. ಕಸ ಅಡ್ಡಕ್ಕೆ ಹೆಚ್ಚು ಆಸರೆ ಕೊಡುವುದಿಲ್ಲ, ಆಗ ಪೈಲ್‌ನ ಬಿಗಿತ ಉದ್ದದ ಘನಕ್ಕೆ ವಿಲೋಮವಾಗಿ ಬದಲಾಗುತ್ತದೆ. 3 ಮೀಟರ್ ಪೈಲ್ 12 ಮೀಟರ್ ಪೈಲ್‌ಗಿಂತ 64 ಪಟ್ಟು ಬಿಗಿ. ಇಡೀ ಕಟ್ಟಡದ ಅಡ್ಡ ಭಾರವನ್ನೆಲ್ಲ ಅಂಚಿನ ನಾಲ್ಕೈದು ಗಿಡ್ಡ ಪೈಲ್‌ಗಳೇ ಸೆಳೆದುಕೊಂಡು ಮೊದಲು ಮುರಿಯುತ್ತವೆ, ಕಟ್ಟಡ ಆ ಅಂಚನ್ನೇ ಗೂಟ ಮಾಡಿಕೊಂಡು ತಿರುಚುತ್ತದೆ.

ಎಲ್ಲಕ್ಕಿಂತ ಒಳ್ಳೆಯ ಪರಿಹಾರ ನಕ್ಷೆಯಲ್ಲೇ ಇದೆ: ಕ್ವಾರಿ ಅಂಚಿನ ಪಟ್ಟಿಯನ್ನು ತೋಟಕ್ಕೋ ಪಾರ್ಕಿಂಗ್‌ಗೋ ಬಿಟ್ಟು, ಕಟ್ಟಡವನ್ನು ಪೂರ್ತಿ ಒಂದೇ ಬದಿಗೆ ಸರಿಸಿ. ಆಗದಿದ್ದರೆ ಅಂಚಿನ ಗೆರೆಯಲ್ಲಿ ಕಟ್ಟಡವನ್ನು ಎರಡು ಬ್ಲಾಕ್ ಮಾಡಿ, ನಡುವೆ ಭೂಕಂಪದ ಸಂದು ಬಿಡಿ. ಅದೂ ಆಗದಿದ್ದರೆ ಗಿಡ್ಡ ಪೈಲ್‌ಗಳ ಸುತ್ತ ಬಂಡೆಯನ್ನು 1 ಮೀಟರ್ ವ್ಯಾಸಕ್ಕೆ ಕೊರೆದು, ಕೊಳವೆ ಇಳಿಸಿ, ಪೈಲ್ ಸುತ್ತ 100 ಮಿ.ಮೀ. ಖಾಲಿ ಬಿಟ್ಟು ಅವು ಬಾಗಲು ಉದ್ದ ಕೊಡಬೇಕು.

ಇಳಿಜಾರು ಬಂಡೆಗೆ ಕೊರೆಯುವ ಮೂತಿ ತಾಗಿದಾಗ ಅದು ತಗ್ಗಿನ ಕಡೆ ಜಾರಿ ಬಾವಿ ವಾಲುತ್ತದೆ. ಐಎಸ್ ಒಪ್ಪುವ ವಾಲಿಕೆ ಶೇ 1.5. ಅಲ್ಲಿ ತೆಳು ಕಾಂಕ್ರೀಟ್ ಸುರಿದು, ಗಟ್ಟಿಯಾದ ಮೇಲೆ ಮತ್ತೆ ನೇರಕ್ಕೆ ಕೊರೆಯಬೇಕು. ಬಂಡೆಯೊಳಗಿನ ಸಾಕೆಟ್ ಆಳವನ್ನು ಬಂಡೆಯ ತಗ್ಗಿನ ಬದಿಯಿಂದ ಎಣಿಸಬೇಕು. ಎತ್ತರದ ಬದಿಯಿಂದ ಎಣಿಸಿ ಬಿಲ್ ಬರೆಯುವುದನ್ನು ಒಪ್ಪಬೇಡಿ. ಕ್ವಾರಿಯ ತಳದಲ್ಲಿ ಸಿಡಿಮದ್ದಿನಿಂದ ಉದುರಿದ ಗುಂಡುಗಳು ಇರುತ್ತವೆ, ಪ್ರತಿ ಪೈಲ್ ಜಾಗದಲ್ಲೂ ಮೊದಲು ಸಣ್ಣ ರಂಧ್ರ ಕೊರೆದು ಖಚಿತಪಡಿಸಿಕೊಳ್ಳಿ. ಕ್ವಾರಿ ಒಂದು ಬಾಣಲೆ, ಅದರೊಳಗೆ ಕಸದ ರಸ ನಿಂತಿರುತ್ತದೆ. ಅದನ್ನು ಪಂಪ್ ಮಾಡಿ ತೆಗೆದರೆ ನೀರಿನ ತೇಲಿಕೆ ಹೋಗಿ ಕಸದ ತೂಕ ಹೆಚ್ಚಿ, ಇಳಿತವೂ ಎಳೆತವೂ ಹೆಚ್ಚುತ್ತವೆ. ಲೆಕ್ಕ ಹಾಕುವಾಗ ನೀರು ಖಾಲಿಯಾದ ಸ್ಥಿತಿಯನ್ನೇ ಹಿಡಿಯಿರಿ.

ಪ್ರಶ್ನೆ: ಅನಿಲದ ಅಪಾಯ ನಿಜಕ್ಕೂ ಅಷ್ಟಿದೆಯೇ? ಆಸ್ಪತ್ರೆಗೆ ವಿಶೇಷವಾಗಿ ಏನು ಮಾಡಬೇಕು?

ಉತ್ತರ: 1986ರ ಮಾರ್ಚ್ 24ರಂದು ಇಂಗ್ಲೆಂಡಿನ ಡಾರ್ಬಿಶೈರ್‌ನ ಲೋಸ್ಕೋ ಎಂಬಲ್ಲಿ ಒಂದು ಮನೆ ಸಿಡಿದು ನೆಲಸಮವಾಯಿತು, ಒಳಗಿದ್ದ ಮೂವರು ಗಾಯಗೊಂಡರು. ಆ ಮನೆ ಕಸದ ಮೇಲಿರಲಿಲ್ಲ, ಕಸದ ಗುಂಡಿಯಿಂದ ಸುಮಾರು 70 ಮೀಟರ್ ದೂರದಲ್ಲಿತ್ತು. ಅದಕ್ಕೆ ಮುಂಚೆ 7 ಗಂಟೆಗಳಲ್ಲಿ ವಾತಾವರಣದ ಒತ್ತಡ 29 ಮಿಲಿಬಾರ್ ಕುಸಿದಿತ್ತು, ನೆಲದೊಳಗಿನ ಅನಿಲ ಹೊರಕ್ಕೆ ನುಗ್ಗಿತ್ತು. ಕಸದ ಅನಿಲದಲ್ಲಿ ಅರ್ಧಕ್ಕೂ ಮಿಕ್ಕಿ ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್. ಗಾಳಿಯಲ್ಲಿ ಮೀಥೇನ್ ಶೇ 5ರಿಂದ 15ರ ನಡುವೆ ಇದ್ದರೆ ಕಿಡಿ ತಾಗಿದೊಡನೆ ಸಿಡಿಯುತ್ತದೆ. ನಮ್ಮ ಮಳೆಗಾಲದಲ್ಲಿ ಮೇಲ್ಮಣ್ಣು ನೆನೆದು ಮುಚ್ಚಳದಂತಾದಾಗ ಅನಿಲ ಪಕ್ಕಕ್ಕೆ ಹರಿಯುತ್ತದೆ. ಬೇಸಿಗೆಯಲ್ಲಿ ಒಂದು ಸಲ ಅಳೆದು ಅನಿಲವಿಲ್ಲ ಎಂದು ಬರೆದ ವರದಿಗೆ ಬೆಲೆಯಿಲ್ಲ. ಮಳೆಗಾಲವೂ ಸೇರಿ, ಒತ್ತಡ ಇಳಿಯುತ್ತಿರುವ ದಿನಗಳಲ್ಲೂ ಅಳೆಸಿ. ಬೋರ್‌ನೊಳಗೆ ಆಮ್ಲಜನಕ ಕಡಿಮೆ ಇರುವುದರಿಂದ ಉರಿಯುವ ಮಣಿಯ ಮೀಟರ್ ಸುಳ್ಳು ಓದುತ್ತದೆ, ಇನ್‌ಫ್ರಾರೆಡ್ ಮೀಟರ್ ಬೇಕು.

ಕಟ್ಟಡದ ಅಡಿಯ ವ್ಯವಸ್ಥೆ ಕೆಳಗಿನಿಂದ ಮೇಲಕ್ಕೆ ಹೀಗೆ: 40 ಮಿ.ಮೀ. ಗಾತ್ರದ ಜಲ್ಲಿ 300 ಮಿ.ಮೀ. ದಪ್ಪಕ್ಕೆ, ಅದರೊಳಗೆ ತೂತಿನ 100 ಮಿ.ಮೀ. ಗಟ್ಟಿ ಪ್ಲಾಸ್ಟಿಕ್ಕಿನ ಎಚ್‌ಡಿಪಿಇ ಪೈಪುಗಳು, ಅವು ಕಟ್ಟಡದ ಹೊರಗೋಡೆಯ ಗುಂಟ ಚಾವಣಿಯ ಮೇಲಕ್ಕೆ. ಜಲ್ಲಿಯ ಮೇಲೆ ಹೊದಿಕೆ ಬಟ್ಟೆಯಾದ ಜಿಯೋಟೆಕ್ಸ್‌ಟೈಲ್, 2 ಮಿ.ಮೀ. ಎಚ್‌ಡಿಪಿಇ ಅಥವಾ ಅಲ್ಯೂಮಿನಿಯಂ ಪದರವಿರುವ ಹಾಳೆ, ಮತ್ತೆ ಜಿಯೋಟೆಕ್ಸ್‌ಟೈಲ್, ಅದರ ಮೇಲೆ ಪೈಲ್‌ಗಳ ನಡುವೆ ತೂಗುವ ಸ್ಲ್ಯಾಬ್. ಹಾಳೆಯ ಬೆಸುಗೆ ಎರಡು ಗೆರೆಯದಾಗಿರಲಿ, ನಡುವಿನ ಕಾಲುವೆಗೆ ಗಾಳಿ ತುಂಬಿ ಸೋರಿಕೆ ಪರೀಕ್ಷಿಸಲಿ. ಹಾಳೆ ಸೋಲುವುದು ಬಯಲಿನಲ್ಲಲ್ಲ, ಪೈಲ್ ತಲೆ, ಪೈಪು, ಅರ್ಥಿಂಗ್ ಪಟ್ಟಿ ತೂರುವ ಜಾಗದಲ್ಲಿ. ಕಬ್ಬಿಣ ಕಟ್ಟುವವರ ಬೂಟು, ಬೀಳಿಸಿದ ರಾಡು ಅದನ್ನು ಹರಿಯುತ್ತವೆ. ಕಾಂಕ್ರೀಟ್ ಸುರಿಯುವ ದಿನ ಬೆಳಿಗ್ಗೆ ಒಬ್ಬರು ಅಂಗುಲ ಅಂಗುಲ ನೋಡಿ ಸಹಿ ಹಾಕಬೇಕು. ವರ್ಷಗಳಲ್ಲಿ ನೆಲ ಇಳಿದಂತೆ ಜಲ್ಲಿ ಮತ್ತು ಸ್ಲ್ಯಾಬಿನ ನಡುವೆ ಪೊಳ್ಳು ಬೆಳೆಯುತ್ತದೆ, ಆದ್ದರಿಂದ ಹಾಳೆಯನ್ನು ಸ್ಲ್ಯಾಬಿನ ತಳಕ್ಕೆ ಅಂಟಿಸಿ ತೂಗುಹಾಕಿ, ಪೊಳ್ಳಿಗೆ ಎದುರು-ಬದುರು ಗಾಳಿಕಿಂಡಿ ಇಡಿ.

ಆಸ್ಪತ್ರೆಗೇ ಸೇರಿದ ಅಪಾಯಗಳು ಬೇರೆ ಇವೆ. ಸೋಂಕು ಪ್ರತ್ಯೇಕಿಸುವ ಕೊಠಡಿಯನ್ನು ಹೊರಗಿಗಿಂತ ಕಡಿಮೆ ಒತ್ತಡದಲ್ಲಿ ಇಡುತ್ತಾರೆ. ಅದು ನೆಲಮಹಡಿಯಲ್ಲಿದ್ದರೆ ನೆಲದ ಅನಿಲವನ್ನು ದಿನವಿಡೀ ಹೀರುವ ಪಂಪಿನಂತೆ ಕೆಲಸ ಮಾಡುತ್ತದೆ. ಅದನ್ನು ಮೇಲಿನ ಮಹಡಿಗೆ ಕೊಂಡೊಯ್ಯಿರಿ. ನೆಲಮಹಡಿಯಲ್ಲಿ ಹೊರಗಿನ ಗಾಳಿ ಸ್ವಲ್ಪ ಹೆಚ್ಚೇ ಒಳಬರುವಂತೆ ಇರಲಿ. ದ್ರವ ಆಮ್ಲಜನಕದ ಟ್ಯಾಂಕ್ ಹತ್ತಿರ ಅನಿಲದ ಯಾವ ಪೈಪೂ ಬಾಯಿ ತೆರೆಯಬಾರದು. ಲಿಫ್ಟ್ ಗುಂಡಿ, ಕೇಬಲ್ ಡಕ್ಟ್, ಸಂಪ್ ಇವು ಅನಿಲದ ಅಚ್ಚುಮೆಚ್ಚಿನ ದಾರಿಗಳು. ಅಲ್ಲೆಲ್ಲ ಮೀಥೇನ್ ಸೆನ್ಸರ್ ಚಾವಣಿಯ ಹತ್ತಿರ, ಡೈಆಕ್ಸೈಡ್ ಸೆನ್ಸರ್ ನೆಲದ ಹತ್ತಿರ ಇರಲಿ. ಮೀಥೇನ್ ಶೇ 0.5ಕ್ಕೆ ಫ್ಯಾನ್ ತಾನಾಗಿ ಶುರುವಾಗಬೇಕು, ಶೇ 1ಕ್ಕೆ ಆ ಭಾಗ ಖಾಲಿ ಮಾಡಿಸಬೇಕು. ಐಸಿಯುವನ್ನು ಖಾಲಿ ಮಾಡಿಸುವುದು ಎಷ್ಟು ಕಷ್ಟ ಎಂದು ಯೋಚಿಸಿದರೆ, ಅದನ್ನು ನೆಲಮಹಡಿಯಲ್ಲಿ ಇಡಬಾರದೆಂದು ಬೇರೆ ಹೇಳಬೇಕಿಲ್ಲ.

ಪ್ರಶ್ನೆ: ಕಟ್ಟಡ ಪೈಲ್ ಮೇಲೆ, ಅಂಗಳ ಕಸದ ಮೇಲೆ. ತುರ್ತು ಚಿಕಿತ್ಸೆಯ ಬಾಗಿಲಿನಲ್ಲಿ ಮೆಟ್ಟಿಲಿನಂತೆ ತಗ್ಗು ಬೀಳುವುದಿಲ್ಲವೇ?

ಉತ್ತರ: ಬಿದ್ದೇ ಬೀಳುತ್ತದೆ. ಅಲ್ಲಿ ಒಂದು ಬದಿ ಕಟ್ಟಡದ ತೊಲೆಗೆ ಕೀಲಿನಂತೆ ಕೂತು, ಇನ್ನೊಂದು ಬದಿ ನೆಲದ ಮೇಲೆ ಮಲಗುವ 6 ಮೀಟರ್ ಉದ್ದದ ಸ್ಲ್ಯಾಬ್ ಹಾಕಿ. 24 ಸೆಂ.ಮೀ. ಇಳಿದರೂ ಅದು 25ಕ್ಕೆ 1ರ ಇಳಿಜಾರಾಗುತ್ತದಷ್ಟೆ, ಸ್ಟ್ರೆಚರ್ ತಳ್ಳಬಹುದು. ಮೇಲಿನ ಡಾಂಬರನ್ನು ಕಾಲಕಾಲಕ್ಕೆ ಸರಿಮಾಡುತ್ತಿರಿ.

ಪೈಪುಗಳ ಕಥೆ ಇದಕ್ಕಿಂತ ಗಂಭೀರ. ಕಟ್ಟಡದ ಅಡಿಯ ಒಳಚರಂಡಿ ಪೈಪನ್ನು ಮಣ್ಣಿನ ಮೇಲೆ ಮಲಗಿಸದೆ ಸ್ಟೇನ್‌ಲೆಸ್ ಉಕ್ಕಿನ ಹಿಡಿಗಳಿಂದ ಸ್ಲ್ಯಾಬಿಗೆ ನೇತುಹಾಕಿ. ಗೋಡೆ ದಾಟಿದ ಕೂಡಲೇ 60 ಸೆಂ.ಮೀ. ತುಂಡುಗಳಲ್ಲಿ ಬಾಗುವ ಜೋಡಣೆ ಇರಲಿ, ಇಳಿಜಾರನ್ನು ಮುಂದೆ ಆಗುವ ಇಳಿತದ ಲೆಕ್ಕ ಸೇರಿಸಿ ಕೊಡಿ. ಆಮ್ಲಜನಕದ ತಾಮ್ರದ ಪೈಪನ್ನು ನೆಲದಡಿ ಹೂಳಲೇಬೇಡಿ, ಕಂಬಗಳ ಮೇಲೆ ತನ್ನಿ. ಸೋರಿದ ಚರಂಡಿ ನೀರು ಕಸ ಸೇರಿದರೆ ಕೊಳೆಯುವ ವೇಗ ಹೆಚ್ಚಿ ನೆಲ ಅಲ್ಲೇ ಗುಂಡಿಬೀಳುತ್ತದೆ. ಇದೇ ಕಾರಣಕ್ಕೆ ಮಳೆನೀರು ಇಂಗುಗುಂಡಿಯೂ ಇಲ್ಲಿ ಕೂಡದು. ಬೆಂಗಳೂರಿನಲ್ಲಿ ಮಳೆನೀರು ಸಂಗ್ರಹ ಕಡ್ಡಾಯ. ಇಂಥ ಜಾಗದಲ್ಲಿ ಅದನ್ನು ತೊಟ್ಟಿಯಲ್ಲಿ ಹಿಡಿದು ಬಳಸುವುದೊಂದೇ ಸರಿ.

ಪ್ರಶ್ನೆ: ಬೆಂಗಳೂರು ಭೂಕಂಪದ ಎರಡನೇ ವಲಯ. ಆಸ್ಪತ್ರೆಗೆ ಅದರ ಚಿಂತೆ ಯಾಕೆ?

ಉತ್ತರ: ಭೂಕಂಪದ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ಆಸ್ಪತ್ರೆಗೆ ಪ್ರಾಮುಖ್ಯದ ಗುಣಾಂಕ 1.5. ಡಕ್ಟೈಲ್ ವಿವರದ (ಮುರಿಯದೆ ಬಾಗುವಂತೆ ಕಬ್ಬಿಣ ಕಟ್ಟಿದ) ಚೌಕಟ್ಟಿಗೆ ಎರಡನೇ ವಲಯದಲ್ಲಿ ಅಡ್ಡ ಬಲ ಕಟ್ಟಡದ ತೂಕದ ಶೇ 3.75ರವರೆಗೆ, ಮೂರನೇ ವಲಯದ ಮಂಗಳೂರಿನಲ್ಲಿ ಶೇ 6. ಗಟ್ಟಿ ನೆಲಕ್ಕಿಂತ ಮೆತ್ತನೆ ನೆಲದಲ್ಲಿ ಇನ್ನಷ್ಟು ಎತ್ತರದ ಕಟ್ಟಡಗಳಿಗೂ ಈ ಗರಿಷ್ಠ ಬಲ ಅನ್ವಯಿಸುತ್ತದೆ. 1985ರಲ್ಲಿ ಹಳೆಯ ಕೆರೆಯ ಜೇಡಿಯ ಮೇಲಿನ ಮೆಕ್ಸಿಕೋ ನಗರದಲ್ಲಿ, ಕಂಪನದ ಕೇಂದ್ರ 350 ಕಿ.ಮೀ.ಗೂ ದೂರವಿದ್ದರೂ ಆಸ್ಪತ್ರೆಗಳು ಕುಸಿದವು. 2001ರಲ್ಲಿ ಭುಜ್‌ನ ಸಿವಿಲ್ ಆಸ್ಪತ್ರೆ ಕುಸಿದು, ಗಾಯಾಳುಗಳಿಗೆ ಬೇಕಾದ ಹೊತ್ತಿನಲ್ಲೇ ಇಲ್ಲವಾಯಿತು. ಪೈಲ್ ತಲೆಗಳನ್ನು ಎರಡೂ ದಿಕ್ಕಿನಲ್ಲಿ ತೊಲೆಗಳಿಂದ ಬಿಗಿದು, ಪೈಲ್‌ನ ಉದ್ದದ ಕಬ್ಬಿಣವನ್ನು ಕಸದ ಆಳ ಪೂರ್ತಿ ಕಡಿಮೆ ಮಾಡದೆ ಒಯ್ಯಿರಿ.

ಪ್ರಶ್ನೆ: ಕ್ಯಾನ್ಸರ್ ವಿಭಾಗಕ್ಕೆ ಲಿನಾಕ್ (ವಿಕಿರಣ ಚಿಕಿತ್ಸೆಯ) ಯಂತ್ರ ಇಡುವ ಯೋಚನೆಯಿದೆ.

ಉತ್ತರ: ವಿಕಿರಣ ತಡೆಯಲು 7 ಮೀಟರ್ ಚೌಕದ ಕೊಠಡಿಗೆ ಒಂದೂವರೆ ಮೀಟರ್ ದಪ್ಪದ ಗೋಡೆ, ಸೂರು ಹಾಕಿದರೂ ಕಾಂಕ್ರೀಟ್ ನೂರಾರು ಟನ್ ತೂಗುತ್ತದೆ. ಪಕ್ಕದ ಕಟ್ಟಡಕ್ಕಿಂತ ಹೆಚ್ಚಿನ ಒತ್ತಡ. ಅದಕ್ಕೆ ಪ್ರತ್ಯೇಕ ಪೈಲ್ ಗುಂಪು ಮತ್ತು ಸಂದು ಬೇಕು, ಸಾಧ್ಯವಾದರೆ ಕಸವಿಲ್ಲದ ಮೂಲೆ ಹುಡುಕಿ. ನಕ್ಷೆಗೆ ಅಣುಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಒಪ್ಪಿಗೆ ಮೊದಲೇ ಪಡೆಯಿರಿ.

ಪ್ರಶ್ನೆ: ಇಂಥದೇ ಜಾಗದಲ್ಲಿ ಹಿಂದೆ ಕಟ್ಟಿದ ನಮ್ಮ ನರ್ಸಿಂಗ್ ಹೋಮ್‌ನಲ್ಲಿ ನೆಲ ಕುಸಿದು ಗೋಡೆಗಳು ಬಿರುಕು ಬಿಡುತ್ತಿವೆ. ಮೇಲೊಂದು ಪದರ ಕಾಂಕ್ರೀಟ್ ಹಾಕಿ ಮಟ್ಟ ಮಾಡಬಹುದೇ?

ಉತ್ತರ: ಬೇಡ. 10 ಸೆಂ.ಮೀ. ಕಾಂಕ್ರೀಟ್ ಎಂದರೆ ಚದರ ಮೀಟರಿಗೆ 250 ಕೆ.ಜಿ. ಹೊಸ ಭಾರ, ನೆಲ ಇನ್ನಷ್ಟು ಬೇಗ ಇಳಿಯುತ್ತದೆ. ಇಳಿಯುತ್ತಿರುವುದು ಬರೀ ನೆಲವೋ, ಕಂಬಗಳೂ ಸೇರಿಯೋ ಎಂಬುದನ್ನು ಮೊದಲು ಬೇರ್ಪಡಿಸಿ. ಗೋಡೆಯ ತಲೆ ಮತ್ತು ಮೇಲಿನ ತೊಲೆಯ ನಡುವೆ ಅಡ್ಡ ಸಂದು ಬಿಟ್ಟಿದ್ದರೆ, ಗೋಡೆ ನೆಲದ ಜೊತೆ ಇಳಿಯುತ್ತಿದೆ, ಕಂಬ ನಿಂತಿದೆ. ತೊಲೆ-ಕಂಬದ ಕೂಡಿನಲ್ಲೇ ಓರೆ ಬಿರುಕಿದ್ದರೆ ಪಾಯವೇ ಇಳಿಯುತ್ತಿದೆ. ಪ್ರತಿ ಕಂಬಕ್ಕೂ ಸ್ಟೇನ್‌ಲೆಸ್ ಮೊಳೆ ಬಡಿಸಿ, ಕಸದ ಜಾಗದ ಹೊರಗಿನ ಬಂಡೆಯ ಮೇಲೆ ಸ್ಥಿರ ಗುರುತು ಮಾಡಿ, ತಿಂಗಳಿಗೊಮ್ಮೆ ಡಿಜಿಟಲ್ ಲೆವೆಲ್‌ನಿಂದ ಅಳೆಸಿ. ಆರು ತಿಂಗಳ ಅಳತೆ ಇಲ್ಲದೆ ಯಾರೂ ಸರಿಯಾದ ಔಷಧಿ ಹೇಳಲಾರರು.

ಬರೀ ನೆಲವಾದರೆ ಅದನ್ನು ಒಡೆದು ತೊಲೆಗಳ ನಡುವೆ ತೂಗುವ ಸ್ಲ್ಯಾಬ್ ಹಾಕಬಹುದು. ಆ ಭಾರವನ್ನು ತೊಲೆ ಮತ್ತು ಪಾಯ ತಡೆಯುತ್ತವೆಯೇ ಎಂದು ಮೊದಲು ಲೆಕ್ಕ ನೋಡಬೇಕು. ಪಾಯವಾದರೆ ಮೂರು ಮೀಟರ್ ಎತ್ತರದೊಳಗೇ ಕೆಲಸ ಮಾಡುವ ಸಣ್ಣ ರಿಗ್‌ನಿಂದ 200 ಮಿ.ಮೀ. ಆಸುಪಾಸಿನ ಮೈಕ್ರೋಪೈಲ್‌ಗಳನ್ನು ಕಂಬದ ಎರಡೂ ಬದಿ ಬಂಡೆಗೆ ಇಳಿಸಿ, ಹೊಸ ತೊಲೆಯಿಂದ ಕಂಬವನ್ನು ಹಿಡಿಯಬೇಕು. ಒಂದೊಂದೇ ಕಂಬ, ಪಕ್ಕಪಕ್ಕದ್ದನ್ನು ಒಟ್ಟಿಗೆ ಅಲ್ಲ. ಇದೆಲ್ಲಕ್ಕೂ ಮೊದಲಿನ ಕೆಲಸ ಒಂದಿದೆ: ಕುಸಿದ ನೆಲದ ಅಡಿಯ ಪೊಳ್ಳಿನಲ್ಲಿ ಮೀಥೇನ್ ನಿಂತಿರಬಹುದು. ಬಿರುಕಿನ ಬಾಯಿ, ನೆಲದ ಡ್ರೈನ್, ಲಿಫ್ಟ್ ಗುಂಡಿ ಮೂರೂ ಕಡೆ ಇನ್‌ಫ್ರಾರೆಡ್ ಮೀಟರಿನಿಂದ ಅಳೆಸದೆ, ಟೈಲ್ಸ್ ಒಡೆಯಲು ಬ್ರೇಕರ್ ಚಾಲೂ ಮಾಡಲು ಯಾರಿಗೂ ಬಿಡಬೇಡಿ.